ಮಾರ್ಕರ್ ಆಡಿದ ಫೈನಲ್

ನಮ್ಮ ಹೊಳೆನರಸೀಪುರದಲ್ಲಿ ಒಂದು ಕಾಲಕ್ಕೆ ಟೆನಿಸ್ ಟೂರ್ನಮೆಂಟ್ ನಡೆಯುತ್ತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಶಟಲ್ ಇರಬೇಕು, ನಿಮಗೆ ಮರೆತುಹೋಗಿದೆ ಅನ್ನುತ್ತಾರೆ. ನನಗೆ ಮರೆತಿಲ್ಲ. ಸಂಕ್ರಾಂತಿ ಕಳೆದ ಮೇಲಿನ ವಾರ, ಗುರುವಾರದಿಂದ ಭಾನುವಾರದವರೆಗೆ, ಹೇಮಾವತಿಗೆ ಇಳಿಯುವ ರಸ್ತೆಯ ಪಕ್ಕದ ಕ್ಲಬ್ಬಿನಲ್ಲಿ ನಾಲ್ಕು ದಿನ ಆಟ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದಿಂದ ಆಟಗಾರರು ಬಸ್ಸಿಳಿದು, ರ‍್ಯಾಕೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಪೇಟೆ ಬೀದಿಯಲ್ಲಿ ನಡೆದು ಬರುತ್ತಿದ್ದರು. ಕ್ಲಬ್ಬಿನ ಗೋಡೆಯ ಮೇಲೆ 'ಲಾನ್ ಟೆನಿಸ್' ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಹುಲ್ಲು ಮಾತ್ರ ಬೇಲಿಯಿಂದಾಚೆ ಇತ್ತು. ಕೋರ್ಟು ಕೆಂಪು ಮಣ್ಣಿನದು, ಅದೂ ಒಂದೇ ಒಂದು.

ನನ್ನ ಅಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಕ್ಲಬ್ಬಿಗೆ ಅವರೇ ಸೆಕ್ರೆಟರಿ. ಆಟದಲ್ಲಿ ಅಪ್ಪ ಅಷ್ಟಕ್ಕಷ್ಟೆ. ಚೆಂಡು ತಲೆಯ ಮೇಲೆ ಬಂದರೆ ಕಣ್ಣು ಮುಚ್ಚಿ ರ‍್ಯಾಕೆಟ್ ಬೀಸುತ್ತಿದ್ದರು. ಆದರೆ ಟೂರ್ನಮೆಂಟನ್ನು ಮಾತ್ರ ಮನೆಯ ಮದುವೆಯ ಹಾಗೆ ನಡೆಸುತ್ತಿದ್ದರು. ಡಿಸೆಂಬರಿನಲ್ಲೇ ಬೇರೆ ಊರಿನ ಕ್ಲಬ್ಬುಗಳಿಗೆ ಪೋಸ್ಟ್‌ಕಾರ್ಡು ಬರೆಯುತ್ತಿದ್ದರು. ಕೋರ್ಟಿನ ಎರಡೂ ತುದಿಗೆ ಕಟ್ಟುವ ಹಸಿರು ಪರದೆಯನ್ನು ಅಮ್ಮ ಮನೆಯ ಮಿಷನ್ನಿನಲ್ಲಿ ಹೊಲಿದುಕೊಡುತ್ತಿದ್ದಳು. ಟಿ.ಬಿ.ಯಲ್ಲಿ, ಅಂದರೆ ಸರ್ಕಾರಿ ಪ್ರವಾಸಿ ಬಂಗಲೆಯಲ್ಲಿ, ಜಾಗ ಸಾಲದೆ ನಾಲ್ಕೈದು ಮಂದಿ ಆಟಗಾರರು ನಮ್ಮ ಹಜಾರದಲ್ಲೇ ಮಲಗುವರು. ಭಾನುವಾರ ಎಲ್ಲರಿಗೂ ಕ್ಲಬ್ಬಿನಲ್ಲಿ ಊಟ. ಅವರೆಕಾಯಿಯ ಕಾಲವಾದ್ದರಿಂದ ಮುದ್ದೆಗೆ ಹಿದುಕಿದ ಬೇಳೆ ಸಾರು. ಶನಿವಾರ ಸಂಜೆ ನಮ್ಮ ಬೀದಿಯ ಹೆಂಗಸರೆಲ್ಲ ಜಗಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತ, ಯಾರು ಗೆಲ್ಲುತ್ತಾರೆ ಎಂದು ತಮಗೆ ಗೊತ್ತಿಲ್ಲದ ಆಟದ ಬಗ್ಗೆ ಜಗಳವಾಡುವರು.

ಅಂಪೈರ್ ಆಗಿದ್ದವರು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟರು. ಬಡಗಿ ಮಾಡಿಕೊಟ್ಟಿದ್ದ ಎತ್ತರದ ಕುರ್ಚಿಯ ಮೇಲೆ ಛತ್ರಿ ಬಿಚ್ಚಿಕೊಂಡು ಕೂರುತ್ತಿದ್ದರು. ಈ ಆಟದಲ್ಲಿ ಸೊನ್ನೆಗೆ 'ಲವ್' ಎನ್ನುತ್ತಾರೆ. ತಾನು ಪಾಠ ಹೇಳುವ ಹೆಣ್ಣುಮಕ್ಕಳ ಎದುರು ಆ ಮಾತನ್ನು ಹೇಗೆ ಕೂಗುವುದು ಎಂದು ಮೇಷ್ಟರಿಗೆ ಸಂಕೋಚ. "ಹದಿನೈದು ಸೊನ್ನೆ, ಮೂವತ್ತು ಸೊನ್ನೆ" ಎಂದೇ ಕೂಗುವರು. ಹಾಸನದ ಆಟಗಾರರು ಮೊದಮೊದಲು ನಕ್ಕರು. ಆಮೇಲೆ ಅವರೂ ನಮ್ಮೂರಿಗೆ ಬಂದರೆ ಸೊನ್ನೆ ಎನ್ನಲು ಕಲಿತರು.

ಆದರೆ ಈ ಟೂರ್ನಮೆಂಟಿನ ಜೀವವಿದ್ದದ್ದು ಇವರಾರಲ್ಲೂ ಅಲ್ಲ, ಮಾರ್ಕರ್ ಒಬ್ಬರಲ್ಲಿ. ಮಾರ್ಕರ್ ಎಂದರೆ ಕೋರ್ಟನ್ನು ನೋಡಿಕೊಳ್ಳುವ, ಜೊತೆಗಾರ ಬಾರದ ದಿನ ಮೆಂಬರುಗಳ ಜೊತೆ ಆಡುವ, ಹೊಸಬರಿಗೆ ಆಟ ಕಲಿಸುವ ಕ್ಲಬ್ಬಿನ ನೌಕರ. ಅವರು ದುದ್ದದ ಕಡೆಯ ಬೇಸಾಯದ ಮನೆಯವರು. ಎಳೆಯ ವಯಸ್ಸಿನಲ್ಲೇ ಹಾಸನದಲ್ಲಿ ಕೆಲಸಕ್ಕೆ ಸೇರಿ, ಬೇರೆಯವರು ಆಡುವುದನ್ನು ನೋಡಿಯೇ ಆಟ ಕಲಿತು, ಆಮೇಲೆ ನಮ್ಮೂರಿಗೆ ಬಂದವರು. ಕ್ಲಬ್ಬಿನ ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಊರಿಗೆಲ್ಲ ಅವರು ಮಾರ್ಕರ್ರೇ. ಅವರ ಹೆಂಡತಿ ಕೂಡ "ನಮ್ ಮಾರ್ಕರ್ರು ಊಟ ಮಾಡ್ತಾವ್ರೆ" ಎನ್ನುವರು.

ಟೂರ್ನಮೆಂಟಿಗೆ ಇಪ್ಪತ್ತು ದಿನ ಇರುವಾಗಲೇ ಅವರು ಕೋರ್ಟನ್ನು ಅಗೆದು, ಜರಡಿ ಹಿಡಿದ ಮಣ್ಣಿಗೆ ಹುತ್ತದ ಮಣ್ಣು ಬೆರೆಸಿ ಹರಡುವರು. ನೀರು ಚಿಮುಕಿಸಿ, ಕಲ್ಲಿನ ರೋಲರ್ ಎಳೆದು, ಮೇಲೆ ತೆಳ್ಳಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಮತ್ತೆ ರೋಲರ್ ಎಳೆಯುವರು. ಕೊನೆಗೆ ಹುರಿ ಹಿಡಿದು ಸುಣ್ಣದಲ್ಲಿ ಗೆರೆ ಎಳೆದರೆ ಹೊಸ ಮನೆಯ ನಡುಮನೆಯ ಹಾಗೆ ಕಾಣುತ್ತಿತ್ತು. ಅದರ ಮೇಲೆ ಅವರು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಬರಿಗಾಲಲ್ಲೇ ಆಡುತ್ತಿದ್ದರು.

ನನಗೆ ಟೆನಿಸ್ ಕಲಿಸಿದವರು ಅವರೇ. ಸ್ಕೂಲಿಗೆ ಹೋಗುವ ಮುಂಚೆ ಒಂದು ಗಂಟೆ. ಮಂಜು ಕವಿದು ನೆಟ್ಟಿನ ಆಚೆ ಅವರ ಖಾಕಿ ಚಡ್ಡಿ ಮಾತ್ರ ಕಾಣುತ್ತಿತ್ತು.

"ಯಾಕವ್ವ ಚೆಂಡಿನ್ ಮ್ಯಾಲೆ ಬೀಳ್ತೀಯ? ಅದು ನಿನ್ನತ್ರ ಬರೋಗಂಟ ಕಾಯ್ಬೇಕು ಕಣವ್ವ. ಬತ್ತದೆ. ಬರ್ದೆ ಎಲ್ಲೋದಾತು?"

ಹೆಂಗಸರ ವಿಭಾಗದಲ್ಲಿ ನಾನು ಎರಡು ವರ್ಷ ಚಾಂಪಿಯನ್ ಆದೆ. ಆಡಿದವರು ನಾವಿಬ್ಬರೇ. ಇನ್ನೊಬ್ಬಳು ತಹಸೀಲ್ದಾರರ ಮಗಳು. ಅವಳ ಅಪ್ಪನಿಗೆ ವರ್ಗವಾದ ಮೇಲೆ ಆ ವಿಭಾಗವೇ ನಿಂತುಹೋಯಿತು.

ಮಾರ್ಕರ್ ನಮ್ಮ ನಾಲ್ಕೂ ಊರಿನ ಯಾವ ಆಟಗಾರನಿಗಿಂತಲೂ ಚೆನ್ನಾಗಿ ಆಡುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಿನಾ ಸಂಜೆ ಮೆಂಬರುಗಳ ಜೊತೆ ಆಡುವಾಗ ಅವರಿಗೆ ಎಷ್ಟು ಬೇಕೋ ಅಷ್ಟು ಪಾಯಿಂಟ್ ಬಿಟ್ಟುಕೊಡುವರು. ಸೋತವರು ಮಾರನೆಯ ದಿನ ಆಡಲು ಬರುವುದಿಲ್ಲ ಎಂದು ಮಾರ್ಕರಿಗೆ ಗೊತ್ತು. ಆದರೆ ಸಂಬಳ ತೆಗೆದುಕೊಳ್ಳುವ ನೌಕರರು ಟೂರ್ನಮೆಂಟಿನಲ್ಲಿ ಆಡುವಂತಿಲ್ಲ ಎಂದು ಕ್ಲಬ್ಬಿನ ನಿಯಮದಲ್ಲಿತ್ತು. ಯಾವ ಕಾಲದಲ್ಲಿ ಯಾರು ಬರೆದಿಟ್ಟದ್ದೋ. ಹಾಗಾಗಿ ಆ ನಾಲ್ಕು ದಿನ ಮಾತ್ರ ಅವರು ರ‍್ಯಾಕೆಟ್ ಮುಟ್ಟದೆ, ನೆಟ್ ಬಿಗಿಯುತ್ತ, ಗೆರೆ ತಿದ್ದುತ್ತ, ಆಟಗಾರರಿಗೆ ನೀರು ಕೊಡುತ್ತ ಓಡಾಡುವರು.

ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ನಡೆದದ್ದನ್ನು ಹೇಳಬೇಕು.

ಆ ಹೊತ್ತಿಗೆ ಹಾಸನದ ಒಬ್ಬ ಯುವ ಇಂಜಿನಿಯರ್ ಎರಡು ವರ್ಷ ಸತತವಾಗಿ ಕಪ್ ಗೆದ್ದಿದ್ದರು. ಉದ್ದನೆಯ, ಮಿತಭಾಷಿ ಮನುಷ್ಯ. ನಮ್ಮ ಮನೆಯಲ್ಲೇ ಉಳಿಯುತ್ತಿದ್ದರಿಂದ ನನಗೆ ಸಲಿಗೆ. ಆ ವರ್ಷವೂ ಫೈನಲ್ಲಿಗೆ ಬಂದರು. ಎದುರಾಳಿಯಾಗಬೇಕಿದ್ದ ಅರಕಲಗೂಡಿನವರು ಶನಿವಾರದ ಸೆಮಿಫೈನಲ್ ಗೆದ್ದ ಕೊನೆಯ ಚೆಂಡಿಗೇ ಕಾಲು ಉಳುಕಿಸಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ನೋಡಿದರೆ ಪಾದ ಊದಿಕೊಂಡು ಬೂಟಿನೊಳಗೆ ಹೋಗದು.

ಜನ ಆಗಲೇ ಸೇರಿದ್ದರು. ಕಾಂಪೌಂಡಿನ ಮೇಲೆ, ಹುಣಸೆಮರದ ಕೆಳಗೆ, ಎಲ್ಲಿ ನೋಡಿದರೂ ಜನ. ಫೈನಲ್ ಇಲ್ಲ, ಕಪ್ ಹಾಸನಕ್ಕೆ ಎಂದು ಹೇಳಲು ಅಪ್ಪ ಮೈಕ್ ಕೈಗೆತ್ತಿಕೊಂಡರು. ಅಷ್ಟರಲ್ಲಿ ಇಂಜಿನಿಯರ್ ಅಪ್ಪನ ಹತ್ತಿರ ಬಂದರು. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ.

"ಆಡ್ದೆ ಕಪ್ ತಗೊಂಡು ಹೋಗೋಕೆ ನನಗೆ ಇಷ್ಟ ಇಲ್ಲ ಸರ್. ನಿಮ್ಮ ಮಾರ್ಕರ್ ಜೊತೆ ಆಡ್ತೀನಿ. ಅವರು ಗೆದ್ರೆ ಕಪ್ ಅವರಿಗೆ ಕೊಡಿ."

"ರೂಲ್ಸಲ್ಲಿ ಇಲ್ವಲ್ಲಪ್ಪ" ಎಂದರು ಅಪ್ಪ.

"ಹಾಗಾದ್ರೆ ನನಗೂ ಬೇಡ."

ಹಿಂದೆ ಕುರ್ಚಿಯಲ್ಲಿ ಕೂತಿದ್ದ ಕ್ಲಬ್ಬಿನ ಹಿರಿಯರಲ್ಲಿ ಗುಜುಗುಜು ಶುರುವಾಯಿತು. ಅಪ್ಪ ಒಮ್ಮೆ ಅವರ ಕಡೆ, ಒಮ್ಮೆ ಜನರ ಕಡೆ ನೋಡಿದರು. "ಮೊದಲು ಆಡಲಿ, ಕಪ್ಪಿನ ವಿಚಾರ ಆಮೇಲೆ ನೋಡೋಣ" ಎಂದು ಮಾರ್ಕರನ್ನು ಕರೆದರು. ಅವರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು.

"ನಾನಾ ಸಾ? ಬ್ಯಾಡಿ ಸಾ. ಅವ್ರೆಲ್ಲಿ, ನಾನೆಲ್ಲಿ."

ಬಾಯಿ ಹಾಗೆ ಅಂದಿತು, ಕಣ್ಣು ಬೇರೆಯೇ ಹೇಳುತ್ತಿತ್ತು. ನಾನು ಸಾಮಾನಿನ ಕೋಣೆಗೆ ಓಡಿ ಅವರ ರ‍್ಯಾಕೆಟ್ ತಂದುಕೊಟ್ಟೆ. ಯಾವುದೋ ಮೆಂಬರ್ ಬಿಟ್ಟುಹೋದ ಹಳೆಯ ಮರದ ರ‍್ಯಾಕೆಟ್ಟು ಅದು. ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು.

ಅಂಥ ಆಟವನ್ನು ನಾನು ಆಮೇಲೆ ನೋಡಿಲ್ಲ. ಟಿವಿಯಲ್ಲಿ ನೋಡಿದ್ದು ಬೇರೆ. ಇಂಜಿನಿಯರ್ ಜೋರಾಗಿ ಹೊಡೆಯುವರು. ಮಾರ್ಕರ್ ಎಲ್ಲಿಗೂ ಓಡಿದಂತೆ ಕಾಣುವುದಿಲ್ಲ, ಆದರೆ ಚೆಂಡು ಬೀಳುವ ಕಡೆ ಆಗಲೇ ನಿಂತಿರುವರು. ಆ ನೆಲದ ಯಾವ ಮೂಲೆಯಲ್ಲಿ ಚೆಂಡು ಎಷ್ಟು ಏಳುತ್ತದೆಂದು ಅದರ ಮೇಲೆ ದಿನಾ ಓಡಾಡಿದ ಅಂಗಾಲಿಗೆ ಗೊತ್ತಿತ್ತು. ಮೊದಲ ಸೆಟ್ ಆರು–ಮೂರರಲ್ಲಿ ಮಾರ್ಕರ್ ಗೆದ್ದರು. ಕಾಂಪೌಂಡಿನ ಮೇಲಿದ್ದವರು ಶಿಳ್ಳೆ ಹೊಡೆದರು. "ಬುಡಬ್ಯಾಡ ಕಣ್ಲಾ ಮಾರ್ಕರು!" ಎಂದು ಯಾರೋ ಕೂಗಿದರು. ಮೇಷ್ಟರು ಕುರ್ಚಿಯ ಮೇಲಿಂದ "ಸದ್ದು, ಸದ್ದು" ಎಂದು ಕ್ಲಾಸಿನಲ್ಲಿ ಗದರುವ ಹಾಗೆಯೇ ಗದರಿದರು.

ಎರಡನೆಯ ಸೆಟ್ಟಿನಲ್ಲೂ ಮಾರ್ಕರ್ ನಾಲ್ಕು–ಮೂರು ಮುಂದಿದ್ದರು. ಆಗ ಸ್ವಲ್ಪ ಬಿಡುವು. ಅಪ್ಪ ಎದ್ದು ಹೋಗಿ ಒಂದು ಲೋಟ ನೀರು ಬಗ್ಗಿಸಿ ತಂದು ಮಾರ್ಕರ್ ಕೈಗೆ ಕೊಟ್ಟರು. ಎಲ್ಲರಿಗೂ ನೀರು ಕೊಡುವವರಿಗೆ ಅಪ್ಪನೇ ನೀರು ಕೊಟ್ಟರು ಎಂದು ನನಗೆ ಹಿಗ್ಗು. ಲೋಟ ಕೊಡುವಾಗ ಅಪ್ಪ ಏನೋ ಹೇಳಿದರು. ಮಾರ್ಕರ್ ತಲೆ ಎತ್ತಲಿಲ್ಲ. ನೀರು ಕುಡಿದು, ಲೋಟವನ್ನು ಕೆಳಗಿಟ್ಟು, ಆಡಲು ಹೋದರು.

ಆ ಗೇಮಿನಲ್ಲಿ ಅವರು ಎರಡು ಸಲ ಡಬಲ್ ಫಾಲ್ಟ್ ಮಾಡಿದರು. ಚೆಂಡು ಶುರುಮಾಡುವ ಎರಡು ಸರ್ವ್‌ಗಳೂ ಒಂದರ ಹಿಂದೆ ಒಂದು ನೆಟ್ಟಿಗೆ, ಪಾಯಿಂಟ್ ಎದುರಾಳಿಗೆ. ನನಗೆ ಆಟ ಕಲಿಸುವಾಗ ಗೆರೆಯ ಮೇಲೆ ಒಂದು ಡಬ್ಬ ಇಟ್ಟು, ಹತ್ತಕ್ಕೆ ಎಂಟು ಸಲ ಅದನ್ನು ಉರುಳಿಸುತ್ತಿದ್ದ ಕೈ ಅದು. ಸೆಟ್ ಇಂಜಿನಿಯರಿಗೆ ಹೋಯಿತು. ಮೂರನೆಯದೂ ಹೋಯಿತು.

ಇಂಜಿನಿಯರ್ ನೆಟ್ಟಿನ ಹತ್ತಿರ ಮಾರ್ಕರ್ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತಿದ್ದರು. ಆಮೇಲೆ ನೇರ ಅಪ್ಪನ ಹತ್ತಿರ ಬಂದು ಮೆಲ್ಲಗೆ, "ಅದು ಡಬಲ್ ಫಾಲ್ಟ್ ಮಾಡೋ ಕೈ ಅಲ್ಲ ಸರ್. ಈ ಕಪ್ ನಾನು ಮುಟ್ಟಲ್ಲ" ಎಂದರು. ಚೀಲ ಎತ್ತಿಕೊಂಡು, ಊಟಕ್ಕೂ ನಿಲ್ಲದೆ ಹಾಸನದ ಬಸ್ ಹತ್ತಿದರು. ಕ್ಲಬ್ಬಿನ ಹಜಾರದಲ್ಲಿ ಗೆದ್ದವರ ಹೆಸರು ಬರೆಸುವ ಮರದ ಹಲಗೆಯೊಂದಿತ್ತು. ಆ ವರ್ಷದ ಸಾಲಿನಲ್ಲಿ ಯಾರ ಹೆಸರನ್ನೂ ಬರೆಸಲಿಲ್ಲ.

ಸೋಮವಾರ ಬೆಳಿಗ್ಗೆ ಹೋದಾಗ ಮಾರ್ಕರ್ ನೆಟ್ ಬಿಚ್ಚುತ್ತಿದ್ದರು.

"ಯಾಕೆ ಸೋತ್ರಿ?" ಎಂದೆ.

"ಆಟ ಕಣವ್ವ. ಒಬ್ರು ಸೋಲ್ಲೇಬೇಕಲ್ಲ."

"ನಮ್ಮಪ್ಪ ಏನಂದ್ರು ನಿಮಗೆ?"

"ನೀರ್ ಕುಡಿ ಅಂದ್ರು" ಎಂದು ನೆಟ್ಟನ್ನು ಸುತ್ತಿ ಹೆಗಲಿಗೇರಿಸಿಕೊಂಡು ಒಳಗೆ ಹೋದರು.

ಅಪ್ಪನನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಸುಮಾರು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಗಳಿಗೆ ಪರೀಕ್ಷೆಯ ಭಯ ಎಂದುಕೊಂಡು ಅವರು ಬಾದಾಮಿ ಹಾಲು ಕುಡಿಸು ಎಂದು ಅಮ್ಮನಿಗೆ ಹೇಳಿದರು.

ಮರುವರ್ಷವೂ ಟೂರ್ನಮೆಂಟ್ ನಡೆಯಿತು. ಹಾಸನದ ಇಂಜಿನಿಯರ್ ಮತ್ತೆ ಬರಲಿಲ್ಲ. ನಾನು ಓದಲು ಹಾಸನಕ್ಕೆ ಹೋದೆ, ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು. ಮರದ ರ‍್ಯಾಕೆಟ್ ಹೋಗಿ ಲೋಹದ್ದು ಬಂತು. ಟಿವಿಯಲ್ಲಿ ಟೆನಿಸ್ ಬರತೊಡಗಿದ ಮೇಲೆ ಒಂದೆರಡು ವರ್ಷ ಕ್ಲಬ್ಬಿಗೆ ಹೊಸ ಮೆಂಬರುಗಳ ನೂಕುನುಗ್ಗಲು. ಪ್ರತಿ ಸಂಕ್ರಾಂತಿಗೂ ನಾನು ರಜ ಹಾಕಿ ಬರುತ್ತಿದ್ದೆ. ಮಾರ್ಕರ್ ಅದೇ ಖಾಕಿ ಚಡ್ಡಿಯಲ್ಲಿ, ಸ್ವಲ್ಪ ನರೆತ ತಲೆಯಲ್ಲಿ, ಅದೇ ನೆಟ್ ಬಿಗಿಯುತ್ತಿದ್ದರು.

ಮೊದಲ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಅಪ್ಪ ಅಂಗಡಿಯಿಂದ ಬೇಗ ಬಂದು ತೊಟ್ಟಿಲಿನ ಪಕ್ಕ ಕೂತರು. ಮಗುವನ್ನೇ ನೋಡುತ್ತಿದ್ದವರು ಏಕಾಏಕಿ ಕೇಳಿದರು.

"ಅವತ್ತು ಮಾರ್ಕರ್ ಆಡಿದ್ದು ನಿನಗೆ ನೆನಪಿದ್ಯಾ?"

"ಇದೆ ಅಪ್ಪ."

"ನಾನೇ ಹೇಳಿದ್ದು. 'ಗೆದ್ರೆ ನಿನಗೆ ಕಪ್ ಕೊಡೋಕಾಗಲ್ಲ ಕಣಯ್ಯ, ಕೊಟ್ರೆ ನಿನ್ನ ಕೆಲಸ ಉಳಿಯಲ್ಲ, ನೋಡ್ಕೊಂಡು ಆಡು' ಅಂದೆ. ಹಿಂದೆ ಕೂತಿದ್ದೋರು ಏನೇನು ಮಾತಾಡ್ತಿದ್ರು ಅಂತ ನನಗೆ ಕೇಳಿಸ್ತಿತ್ತು. ನೌಕರನ ಹೆಸರು ಹಲಗೆ ಮೇಲೆ ಬಂದ್ರೆ ನಾವು ಕ್ಲಬ್ಬಿಗೆ ಕಾಲಿಡಲ್ಲ ಅಂತಿದ್ರು. ಅವನ ಒಳ್ಳೇದಕ್ಕೆ ಹೇಳ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದೆ."

ತೊಟ್ಟಿಲನ್ನು ಒಮ್ಮೆ ತೂಗಿ, "ನನ್ನ ಸೆಕ್ರೆಟರಿಗಿರಿ ಉಳಿಸ್ಕೊಳ್ಳೋಕೆ ಹೇಳಿದ್ದು. ಇಷ್ಟು ವರ್ಷ ಆದ್ಮೇಲೆ ಸುಳ್ಳು ಯಾಕೆ" ಎಂದರು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ದಿನಾ ಸಂಜೆ ಅದೇ ಮನುಷ್ಯನ ಎದುರು ಆಡುತ್ತಿದ್ದರಲ್ಲ ಎಂದು ಸಂಕಟವಾಯಿತು.

ಆ ವರ್ಷ ಯುಗಾದಿಗೆ ಮುಂಚೆ ನಡೆದ ಕ್ಲಬ್ಬಿನ ಸಭೆಯಲ್ಲಿ ಅಪ್ಪ ಎದ್ದು ನಿಂತು, ನೌಕರರು ಆಡಬಾರದೆಂಬ ನಿಯಮ ತೆಗೆಯಬೇಕು, ಇಲ್ಲವಾದರೆ ನಾನು ಸೆಕ್ರೆಟರಿಯಾಗಿ ಮುಂದುವರಿಯುವುದಿಲ್ಲ ಎಂದರು. ಹಳಬರಲ್ಲಿ ಕೆಲವರು ಎದ್ದು ಹೋದರು. ಉಳಿದವರು ಕೈ ಎತ್ತಿದರು. ನಿಯಮ ಹೋಯಿತು. ಆದರೆ ಮಾರ್ಕರಿಗೆ ಆಗ ಐವತ್ತರ ಹತ್ತಿರ, ಮಂಡಿನೋವು. ಸಿಂಗಲ್ಸ್ ಆಡುವ ವಯಸ್ಸು ದಾಟಿತ್ತು. ಹಿರಿಯರ ಡಬಲ್ಸಿಗೆ ಹೆಸರು ಕೊಡು ಎಂದರೆ, "ನನ್ ಜತೆ ಯಾರು ಆಡ್ತಾರೆ ಸಾ?" ಎಂದರಂತೆ. "ನಾನು" ಎಂದರು ಅಪ್ಪ.

ಮುಂದಿನ ಸಂಕ್ರಾಂತಿಯ ಟೂರ್ನಮೆಂಟಿಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿದ್ದೆ. ಎದುರಿಗೆ ಚನ್ನರಾಯಪಟ್ಟಣದ ಜೋಡಿ. ಮೊದಮೊದಲು ಮಾರ್ಕರ್ ಪ್ರತಿ ಚೆಂಡಿಗೂ "ನಿಮ್ದು ಸಾ, ತಗಳಿ ಸಾ" ಎಂದು ಅಪ್ಪನಿಗೆ ಬಿಟ್ಟುಕೊಡುವರು. ಅಪ್ಪ ಅವನ್ನೆಲ್ಲ ನೆಟ್ಟಿಗೆ ಹೊಡೆಯುವರು. ಸೆಟ್ ಹೋಗುವುದರಲ್ಲಿತ್ತು. ಆಗೊಂದು ಚೆಂಡು ಇಬ್ಬರ ನಡುವೆ ಮೇಲಕ್ಕೆ ಎದ್ದಿತು. ಅಪ್ಪ ಕಣ್ಣು ಮುಚ್ಚಿ ರ‍್ಯಾಕೆಟ್ ಎತ್ತಿದರು.

"ಬುಡಿ ಸಾ! ಅದು ನಂದು! ನೀವ್ ಆಚೆ ನಿಂತ್ಕಳಿ!"

ಇಡೀ ಕ್ಲಬ್ಬಿಗೆ ಕೇಳಿಸುವ ಹಾಗೆ ಗದರಿ, ಅಪ್ಪನನ್ನು ಭುಜದಿಂದ ಸರಿಸಿ, ಆ ಚೆಂಡನ್ನು ಮೂಲೆಗೆ ಬಾರಿಸಿದರು. ಅಪ್ಪ ನಗತೊಡಗಿದರು. ಅಲ್ಲಿಂದಾಚೆಗೆ ಮಾರ್ಕರ್ ಹೇಳಿದ ಕಡೆ ಅಪ್ಪ ನಿಂತರು, ಬಗ್ಗು ಎಂದಾಗ ಬಗ್ಗಿದರು. ಆ ಪಂದ್ಯ ಗೆದ್ದು, ಮುಂದಿನದು ಸೋತರು. ಅಮ್ಮ ಸೊಂಟಕ್ಕೆ ಬಿಸಿನೀರಿನ ಶಾಖ ಕೊಡುವಾಗ ಅಪ್ಪ ಎರಡು ಮೂರು ಸಲ ಹೇಳಿದರು. "ಇವತ್ತು ಅವನು ನನ್ನ ಬೈದ ಕಣೇ. ಎಲ್ಲರ ಎದುರಿಗೆ ಬೈದ." ಹಬ್ಬದ ಉಡುಗೊರೆ ಸಿಕ್ಕವರ ಹಾಗಿತ್ತು ಮುಖ.

ಟೂರ್ನಮೆಂಟ್ ಯಾವತ್ತು ನಿಂತಿತು ಎಂದು ಖಚಿತವಾಗಿ ಹೇಳಲಾರೆ. ನಿಲ್ಲಿಸುತ್ತೇವೆ ಎಂದು ಯಾರೂ ಹೇಳಲಿಲ್ಲ. ಮಾರ್ಕರ್ ಕೆಲಸ ಬಿಟ್ಟ ಮೇಲೆ ಕೋರ್ಟ್ ಸಾರಿಸುವುದು ಯಾರಿಗೂ ಗೊತ್ತಿರಲಿಲ್ಲ. ಒಂದು ಮಳೆಗಾಲಕ್ಕೆ ನೆಲ ಬಿರುಕು ಬಿಟ್ಟಿತು, ಇನ್ನೊಂದಕ್ಕೆ ಗರಿಕೆ ಹಬ್ಬಿತು. ಅಪ್ಪನಿಗೆ ಕೈ ನಡುಗುತ್ತಿತ್ತು. ಒಂದು ಡಿಸೆಂಬರಿನಲ್ಲಿ ಪೋಸ್ಟ್‌ಕಾರ್ಡುಗಳು ಹೋಗಲಿಲ್ಲ, ಅಷ್ಟೆ. ಈಗ ಅಲ್ಲಿ ತಗಡಿನ ಚಾವಣಿ ಹೊದಿಸಿದ ಶಟಲ್ ಹಾಲ್ ಇದೆ. ಅಪ್ಪ ತೀರಿಕೊಂಡಾಗ ಮಾರ್ಕರ್ ಬಂದು ಸಂಜೆಯವರೆಗೂ ಜಗಲಿಯ ಮೇಲೆ ಕೂತಿದ್ದರು.

ಮಾರ್ಕರ್ ಈಗ ಬಾಗೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಈ ವರ್ಷ ಶ್ರವಣಬೆಳಗೊಳಕ್ಕೆ ಹೋಗಿದ್ದವಳು ಹಾಗೇ ಅವರನ್ನು ನೋಡಲು ಹೋದೆ. ಹಾಸನದಲ್ಲಿ ಹೊಸ ಟೆನಿಸ್ ಕೋರ್ಟುಗಳಾಗಿವೆ ಎಂದು ಮಾತಿಗೆ ಹೇಳಿದೆ. "ತೋರುಸ್ತೀಯೇನವ್ವ?" ಎಂದು ಶರಟು ಹಾಕಿಕೊಂಡು ಹೊರಟೇಬಿಟ್ಟರು.

ಕಾರಿನಲ್ಲಿ ನಾನೇ ಹಳೆಯ ಮಾತು ತೆಗೆದೆ. ಅಪ್ಪ ನನಗೆ ಎಲ್ಲ ಹೇಳಿದ್ದಾರೆ ಎಂದೆ.

"ನನ್ಗೂ ಒಂದ್ಸಲ ಏಳಕ್ ಬಂದ್ರು. ಬುಡಿ ಸಾ, ಅದ್ಯಾಕೀಗ ಅಂದೆ" ಎಂದು ಕಿಟಕಿಯಾಚೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮಪ್ಪಾರು ಏಳಿದ್ದಕ್ಕೇ ಸೋತೆ ಅಂತ ತಿಳ್ಕಂಡಿದೀಯಾ?"

"ಅಲ್ವಾ?"

"ಆ ಎರಡು ಡಬಲ್ ಫಾಲ್ಟು ಬೇಕಂತ್ಲೇ ಮಾಡ್ದೆ. ಅದು ದಿಟ. ಆಮ್ಯಾಕೆ ಸಿಟ್ಟು ಬಂತು ನೋಡು. ಕೆಲ್ಸ ಓದ್ರೆ ಓಗ್ಲಿ, ದುದ್ದಕ್ಕೋಗಿ ಉತ್ಕಂಡ್ ತಿಂತೀನಿ, ಗೆದ್ದೇ ಬುಡ್ತೀನಿ ಅಂತ ಆಡ್ದೆ ಕಣವ್ವ. ಕೈ ಕೇಳ್ಲಿಲ್ಲ. ಒಂದ್ಸಲ ಬುಟ್ಟಿದ್ದು ಮತ್ತೆ ಕೈಗೆ ಬರ್ಲಿಲ್ಲ. ಮೂರನೇ ಸೆಟ್ಟು ಆ ವುಡುಗ ನ್ಯಾಯವಾಗೇ ಗೆದ್ದ. ಪಾಪ, ಅವ್ನಿಗೇ ಅದು ಗೊತ್ತಿಲ್ಲ."

"ಅಪ್ಪನಿಗೆ ಇದನ್ನ ಹೇಳಬಹುದಿತ್ತಲ್ಲ?"

"ಏಳ್ಬೋದಾಗಿತ್ತು." ಮತ್ತೆ ಕಿಟಕಿಯ ಕಡೆ ತಿರುಗಿ, "ನನ್ಗೂ ಸೋತೆ ಅಂತ ಒಪ್ಕೊಳಕ್ಕೆ ನಾಚ್ಕೆ" ಎಂದರು.

ಅಪ್ಪ ಆ ಭಾರವನ್ನು ಅಷ್ಟು ವರ್ಷ ಒಬ್ಬರೇ ಹೊತ್ತರು ಎಂದುಕೊಂಡಿದ್ದೆ. ಇವರೂ ಇನ್ನೊಂದು ತುದಿ ಹಿಡಿದಿದ್ದರು.

ಹಾಸನದ ಕೋರ್ಟು ನೀಲಿ ಬಣ್ಣದ್ದು. ಮಾರ್ಕರ್ ಬಗ್ಗಿ ಅಂಗೈಯಿಂದ ಅದನ್ನು ಸವರಿ ನೋಡಿ, "ಇದಕ್ಕೆ ನೀರಾಕಂಗಿಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ಇಲ್ಲಿ ಮಾರ್ಕರ್ರಿಗೇನ್ ಕೆಲ್ಸ?" ಎಂದು ನಕ್ಕರು.

ಹನ್ನೆರಡು ಹದಿಮೂರು ವರ್ಷದ ಹುಡುಗಿಯೊಬ್ಬಳು ಬುಟ್ಟಿ ತುಂಬ ಚೆಂಡು ಇಟ್ಟುಕೊಂಡು ಒಬ್ಬಳೇ ಸರ್ವ್ ಅಭ್ಯಾಸ ಮಾಡುತ್ತಿದ್ದಳು. ಎಲ್ಲವೂ ನೆಟ್ಟಿಗೆ ಹೋಗುತ್ತಿದ್ದವು. ನಾವು ಬೆಂಚಿನ ಮೇಲೆ ಕೂತೆವು. ಮಾರ್ಕರ್ ಹತ್ತು ಚೆಂಡಿನವರೆಗೆ ತಡೆದುಕೊಂಡರು.

"ಅವ್ವಾ, ಚೆಂಡ ಇನ್ನೊಂದ್ ಚೂರು ಮುಂದಕ್ಕೆ ಎಸಿ. ತಲೆ ಮ್ಯಾಲೆ ಬ್ಯಾಡ. ಮುಂದಕ್ಕೆ."

ಹುಡುಗಿ ತಿರುಗಿ ನಮ್ಮಿಬ್ಬರನ್ನೂ ನೋಡಿದಳು. ಪಂಚೆ ಉಟ್ಟ ಮುದುಕ, ನರೆತ ತಲೆಯ ಹೆಂಗಸು. ಏನನ್ನಿಸಿತೋ, ಚೆಂಡನ್ನು ಮುಂದಕ್ಕೆ ಎಸೆದು ಹೊಡೆದಳು. ಅದು ನೆಟ್ ದಾಟಿ ಗೆರೆಯೊಳಗೆ ಬಿತ್ತು. ಅವಳು ಮತ್ತೆ ಇತ್ತ ನೋಡಿದಾಗ ಮಾರ್ಕರ್ ಬುಟ್ಟಿಯ ಕಡೆ ಕೈ ತೋರಿಸಿದರು. ಇನ್ನೂ ಇದೆ, ಹೊಡಿ ಎಂಬಂತೆ.

"ಹೊರಡೋಣ್ವಾ? ನಿಮ್ಮ ಮಗಳು ಕಾಯ್ತಿರ್ತಾಳೆ" ಎಂದೆ ನಾನು.

"ಅರ್ಧ ಬುಟ್ಟಿ ಅದೆ. ಆಗ್ಲಿ ತಡಿ" ಎಂದರು ಮಾರ್ಕರ್.